ವಾರಕ್ಕೆ 900 ಕ್ಯಾಶ್: ನ್ಯೂಜೆರ್ಸಿಯಲ್ಲಿ ಒಬ್ಬ ನ್ಯಾನಿಯ ಸಂಬಳ ಲೆಕ್ಕಕ್ಕೆ ಬಂದ ಪ್ರಕರಣ

2023ಕ್ಕೆ ಸೊನ್ನೆ. 2024ಕ್ಕೂ ಸೊನ್ನೆ. ಮಗಳು ಸೋಶಿಯಲ್ ಸೆಕ್ಯೂರಿಟಿ ಇಲಾಖೆಯ, ಅಂದರೆ ಅಮೆರಿಕ ಸರ್ಕಾರದ ಪಿಂಚಣಿ ನೋಡಿಕೊಳ್ಳುವ ಇಲಾಖೆಯ, ವೆಬ್‌ಸೈಟಿನಲ್ಲಿ ಅಮ್ಮನ ಹೆಸರಲ್ಲಿ ಖಾತೆ ತೆರೆದಾಗ ದುಡಿಮೆಯ ಲೆಕ್ಕದಲ್ಲಿ ಕಂಡದ್ದು ಇಷ್ಟೇ. ಆ ಎರಡು ವರ್ಷವೂ ಅಮ್ಮ ಸುಮ್ನೆ ಕೂತಿರಲಿಲ್ಲ. ಎಡಿಸನ್ ಹತ್ತಿರದ ಒಂದು ಮನೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಮಗು ನೋಡಿಕೊಂಡಿದ್ದರು. ಸಂಬಳ ಪ್ರತಿ ಶುಕ್ರವಾರ ಕವರಿನಲ್ಲಿ ಬರುತ್ತಿತ್ತು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವರು ಕೆಲಸವನ್ನೇ ಮಾಡಿಲ್ಲ.

2025ರ ಫೆಬ್ರವರಿಯ ಮಧ್ಯದಲ್ಲಿ ಆ ಅಮ್ಮ ನನಗೆ ಫೋನ್ ಮಾಡಿದರು. ನಾನು ವಕೀಲೆಯಲ್ಲ. ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುವ ಕೆಲಸ ನನ್ನದು. ತೆರಿಗೆಯ ಕಾಲ ಬಂತೆಂದರೆ ಪರಿಚಯದವರು ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಆದರೆ ಹೆಸರು ಬೇಡ ಅಂದಿದ್ದಾರೆ.

ಅಕ್ಕನಿಗೆ 53 ವರ್ಷ. ಹಾಸನದ ಕಡೆ ಇಪ್ಪತ್ತು ವರ್ಷ ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮಗಳ ಮೂಲಕ ಗಂಡ ಹೆಂಡತಿ ಇಬ್ಬರಿಗೂ ಗ್ರೀನ್ ಕಾರ್ಡ್ ಸಿಕ್ಕಿತ್ತು. ಗಂಡನಿಗೆ ಇಲ್ಲಿ ಕೆಲಸವಿಲ್ಲ. ಊರಿನ ಇಪ್ಪತ್ತು ವರ್ಷದ ಪಿಎಫ್ ಇಲ್ಲಿ ಏನಾದರೂ ಪ್ರಯೋಜನಕ್ಕೆ ಬರುತ್ತದಾ ಅಂತ ಕೇಳಿದರು. ಬರುವುದಿಲ್ಲ. ಅಮೆರಿಕಕ್ಕೆ ಹಲವು ದೇಶಗಳ ಜೊತೆ ಇಂಥ ವರ್ಷಗಳನ್ನು ಕೂಡಿಸಿ ಎಣಿಸುವ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. ಅಂದರೆ 53ನೇ ವಯಸ್ಸಿನಲ್ಲಿ ಅವರು ಒಂದರಿಂದ ಶುರು ಮಾಡಬೇಕಿತ್ತು. ಅದರಲ್ಲೂ ಎರಡು ವರ್ಷ ಆಗಲೇ ಕವರಿನಲ್ಲಿ ಕಳೆದುಹೋಗಿತ್ತು.

ಎಷ್ಟು ಎಣಿಸಬೇಕು ಎನ್ನುವುದೇ ಈ ಪ್ರಕರಣದ ಬೇರು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪಿಂಚಣಿಗೂ 65ರ ನಂತರದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೂ 40 ಕ್ರೆಡಿಟ್, ಅಂದರೆ ಲೆಕ್ಕಕ್ಕೆ ಬಂದ ದುಡಿಮೆಗೆ ಸಿಗುವ ಅಂಕ, ಬೇಕು. ವರ್ಷಕ್ಕೆ ಸಿಗುವುದು ಹೆಚ್ಚೆಂದರೆ ನಾಲ್ಕು. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ದುಡಿಮೆ ಬೇಕಿತ್ತು, ನಾಲ್ಕಕ್ಕೆ 7,240. ಅಕ್ಕನ ಸಂಬಳಕ್ಕೆ ಇದು ಎರಡು ತಿಂಗಳ ಮಾತು. ಆದರೆ ಆ ದುಡಿಮೆ ಕಾಗದದಲ್ಲಿ ಕಾಣಬೇಕು. 40 ತುಂಬಿದರೆ ಮೆಡಿಕೇರ್‌ನ ಪಾರ್ಟ್ ಎ, ಅಂದರೆ ಆಸ್ಪತ್ರೆಯ ಭಾಗ, ಪ್ರೀಮಿಯಂ ಇಲ್ಲದೆ ಸಿಗುತ್ತದೆ. 30ಕ್ಕಿಂತ ಕಡಿಮೆ ಇದ್ದವರು ಅದನ್ನು ಕೊಳ್ಳಬೇಕೆಂದರೆ 2025ರ ದರ ತಿಂಗಳಿಗೆ 518 ಡಾಲರ್. 30ರಿಂದ 39ರ ನಡುವೆ ಇದ್ದರೆ 285. ಇನ್ನೊಂದು ವಿಷಯ ಅಕ್ಕನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಅಕ್ಕನಿಗೆ 40 ತುಂಬಿ 62 ವರ್ಷವೂ ಆಗಿದ್ದರೆ, 65 ದಾಟಿದ ಗಂಡನಿಗೂ ಅದೇ ಲೆಕ್ಕದ ಮೇಲೆ ಪಾರ್ಟ್ ಎ ಸಿಗುತ್ತದೆ. ಇಬ್ಬರಿಗೆ ತಿಂಗಳಿಗೆ 1,036 ಡಾಲರ್ ಕಟ್ಟುವುದು ಒಂದು ಕಡೆ, ಏನೂ ಕಟ್ಟದಿರುವುದು ಇನ್ನೊಂದು ಕಡೆ. ಇದನ್ನು ಕೇಳಿ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡು ವರ್ಷದ ಹಳೆಯ ಮನೆ ಬಿಟ್ಟು ಹೊಸ ಮನೆಗೆ ಅವರು ಕೆಲಸಕ್ಕೆ ಸೇರಿದ್ದು 2025ರ ಜನವರಿ 6ಕ್ಕೆ. ಹತ್ತು ತಿಂಗಳ ಮಗು. ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರ್, ನಮ್ಮ ಕಡೆಯವರೇ, ಒಳ್ಳೆಯ ಜನ. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ ಎಂಟರಿಂದ ಸಂಜೆ ಐದು. ಗಂಟೆಗೆ 20 ಡಾಲರ್ ಅಂತ ಮಾತು. 45 ಗಂಟೆಗೆ ವಾರಕ್ಕೆ 900, ಕ್ಯಾಶ್.

ಈ 900ರಲ್ಲಿ ಎರಡು ತಪ್ಪಿವೆ. ಒಂದು ಎಲ್ಲರಿಗೂ ಗೊತ್ತಿರುವುದು, ತೆರಿಗೆ ಇಲ್ಲ. ಎರಡನೆಯದನ್ನು ಯಾರೂ ನೋಡುವುದಿಲ್ಲ. ಮನೆಯಲ್ಲೇ ಉಳಿದುಕೊಳ್ಳದ ನ್ಯಾನಿಗೆ ವಾರಕ್ಕೆ 40 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೊಡಬೇಕು. ಮನೆಗೆಲಸದವರನ್ನು ಫೆಡರಲ್ ಕನಿಷ್ಠ ವೇತನ ಕಾನೂನಿನ ಒಳಗೆ ತಂದದ್ದು 1974ರಲ್ಲಿ. ಇವತ್ತಿಗೂ ಬಹಳ ಮನೆಗಳಿಗೆ ಆ ಸುದ್ದಿ ಮುಟ್ಟಿಲ್ಲ. ಆ ಪ್ರಕಾರ 20 ಡಾಲರ್ ದರಕ್ಕೆ 40 ಗಂಟೆಗೆ 800, ಮೇಲಿನ ಐದು ಗಂಟೆಗೆ 150. ಒಟ್ಟು 950.

ಅಕ್ಕ ಮೊದಲ ಸಲ ಮಾತು ತೆಗೆದಾಗ ಮನೆಯ ಯಜಮಾನರು ಹೇಳಿದ್ದು: "ಆಯ್ತು ಬಿಡಿ, ವರ್ಷದ ಕೊನೆಗೆ 1099 ಕೊಡ್ತೀವಿ." ಕೇಳೋಕೆ ಧಾರಾಳವಾಗಿದೆ ಅಲ್ವಾ? 1099 ಎಂಬ ತೆರಿಗೆ ಫಾರಂ ಕೊಟ್ಟರೆ ನೀವು ಸ್ವಂತ ವ್ಯಾಪಾರ ಮಾಡುವವರು ಅಂತ. ಆಗ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಎರಡೂ ಕಡೆಯ ಪಾಲು, ಶೇಕಡ 15.3, ನ್ಯಾನಿಯ ತಲೆ ಮೇಲೆ ಬರುತ್ತದೆ. ಎಷ್ಟು ಗಂಟೆಗೆ ಬರಬೇಕು, ಮಗುವಿಗೆ ಯಾವಾಗ ಊಟ, ಯಾವಾಗ ನಿದ್ದೆ ಎಂದು ಮನೆಯವರೇ ಹೇಳುವಾಗ ಆಕೆ ಅವರ ಉದ್ಯೋಗಿ. ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ತನ್ನ 926ನೇ ಕೈಪಿಡಿಯಲ್ಲಿ ಇದನ್ನು ಸುತ್ತಿ ಬಳಸದೆ ಹೇಳಿದೆ. ಕೊಡಬೇಕಾದದ್ದು ಉದ್ಯೋಗಿಯ ವರ್ಷದ ಸಂಬಳ, ತೆರಿಗೆ ತೋರಿಸುವ ಫಾರಂ, ಡಬ್ಲ್ಯೂ-2. ಮನೆಯವರು ಮೋಸ ಮಾಡಲು ಹೊರಟಿದ್ದರು ಅಂತ ನನಗನ್ನಿಸುವುದಿಲ್ಲ. ಆಫೀಸಿನಲ್ಲಿ ಕಾಂಟ್ರಾಕ್ಟರ್‌ಗಳನ್ನು ನೋಡಿದವರಿಗೆ ಅದೇ ಮೊದಲು ನೆನಪಾಗುತ್ತದೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅಕ್ಕನ ಕೈಗೆ ಒಂದು ಪುಟ ಬರೆದುಕೊಟ್ಟೆ. ಅದರ ತುಂಬ ಕಾನೂನು. ಒಬ್ಬ ನ್ಯಾನಿಗೆ 2025ರಲ್ಲಿ 2,800 ಡಾಲರ್ ಅಥವಾ ಜಾಸ್ತಿ ಕೊಟ್ಟ ಮನೆ ಮೊದಲ ಡಾಲರಿನಿಂದಲೇ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಕಟ್ಟಬೇಕು ಎಂಬುದು. ನ್ಯೂಜೆರ್ಸಿಯಲ್ಲಿ 2024ರ ಜುಲೈ 1ರಿಂದ ಮನೆಗೆಲಸದವರ ಹಕ್ಕುಗಳ ಕಾನೂನು ಬಂದಿದೆ, ಬರವಣಿಗೆಯ ಒಪ್ಪಂದ ಬೇಕು ಎಂಬುದು. ಕೊನೆಗೆ ದಂಡದ ಬಗ್ಗೆ ಎರಡು ಸಾಲು. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಆರಿಸಿದ್ದ ಝೋಯಿ ಬೇರ್ಡ್, ಮನೆಗೆಲಸದವರ ತೆರಿಗೆ ಕಟ್ಟದ ವಿಷಯ ಹೊರಬಿದ್ದು ಹಿಂದೆ ಸರಿಯಬೇಕಾದ ಕತೆಯನ್ನೂ ಸೇರಿಸಿದ್ದೆ. ಬುದ್ಧಿವಂತಿಕೆ ಮಾಡಿದ್ದೇನೆ ಅಂದುಕೊಂಡಿದ್ದೆ.

ಯಜಮಾನರ ಕಣ್ಣು ಹೋಗಿ ನಿಂತದ್ದು ದಂಡ ಎಂಬ ಪದದ ಮೇಲೆ. "ನಮ್ಮ ಮೇಲೆ ಕಂಪ್ಲೇಂಟ್ ಕೊಡ್ತೀರಾ?" ಅಂದರಂತೆ. ಅವರ ಹೆಂಡತಿ ತುಂಬ ನೊಂದುಕೊಂಡು, "ನಿಮ್ಮನ್ನ ನಮ್ಮನೆಯವರ ಥರ ನೋಡ್ಕೊಂಡಿದ್ವಲ್ಲ" ಅಂದರಂತೆ. ಅಕ್ಕ ಅವತ್ತು ಮನೆಗೆ ಬಂದು ಅತ್ತರು. ಕೆಲಸ ಬಿಡುತ್ತೇನೆ ಅಂದರು.

ನಮ್ಮನೆಯವರ ಥರ. ಈ ಮಾತಿನ ಮುಂದೆ ಸಂಬಳದ ಮಾತು ಆಡುವುದು ಬಲು ಕಷ್ಟ. ಮನೆಯವರು ಕೂಲಿ ಕೇಳುವುದಿಲ್ಲವಲ್ಲ. ಆದರೆ ಮನೆಯವರಿಗೆ ಯಾರೂ ಗಂಟೆ ಎಣಿಸಿ ಶುಕ್ರವಾರ ಕವರ್ ಕೊಡುವುದೂ ಇಲ್ಲ. ಪ್ರೀತಿ ಸುಳ್ಳಲ್ಲ, ಮಗು ಅಕ್ಕನನ್ನು ಕಂಡರೆ ಕೈ ಚಾಚುತ್ತದೆ. ಆ ಪ್ರೀತಿಯನ್ನೂ ಸಂಬಳವನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಸೋಲುವವರು ಯಾವಾಗಲೂ ಸಂಬಳ ತೆಗೆದುಕೊಳ್ಳುವವರೇ.

ಎರಡು ದಿನ ಬಿಟ್ಟು ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಈ ಸಲ ಕಾನೂನು ಬೇಡ, ಬರೀ ಅಂಕಿ. 950 ಕಾಗದದ ಮೇಲೆ ಬಂದರೆ ಅಕ್ಕನ ಕೈಗೆ ಎಷ್ಟು? ಸೋಶಿಯಲ್ ಸೆಕ್ಯೂರಿಟಿ 6.2, ಮೆಡಿಕೇರ್ 1.45, ಸೇರಿ ಶೇಕಡ 7.65. ಅದಕ್ಕೆ 73 ಡಾಲರ್ ಹೋಯಿತು. ರಾಜ್ಯದ ನಿರುದ್ಯೋಗ ವಿಮೆ, ಅನಾರೋಗ್ಯ ವಿಮೆ ಇವಕ್ಕೆಲ್ಲ ಹತ್ತು ಡಾಲರ್ ಹತ್ತಿರ. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕುತ್ತಾರೆ, ಹಾಗಾಗಿ ಫೆಡರಲ್ ಮತ್ತು ರಾಜ್ಯದ ಆದಾಯ ತೆರಿಗೆ ಸೇರಿ ವಾರಕ್ಕೆ 50ರ ಆಸುಪಾಸು. ಉಳಿದದ್ದು 820ರ ಹತ್ತಿರ. ಕ್ಯಾಶ್ 900 ಎಲ್ಲಿ, ಇದು ಎಲ್ಲಿ! ಓವರ್‌ಟೈಮ್ ಸೇರಿಸಿದ ಮೇಲೂ 80 ಡಾಲರ್ ಕಡಿಮೆ.

ಬಹಳ ಮಾತುಕತೆಗಳು ಮುರಿದುಬೀಳುವುದು ಇಲ್ಲೇ. ಈ 80 ಯಾರ ಜೇಬಿನಿಂದ? ಮನೆಯವರನ್ನು ಕೇಳಿದರೆ "ನಾವು ಆಗಲೇ ನಮ್ಮ ಪಾಲಿನ 7.65 ಕಟ್ಟಬೇಕು" ಅನ್ನುತ್ತಾರೆ. ನ್ಯಾನಿ "ಹಾಗಾದರೆ ಕ್ಯಾಶೇ ಇರಲಿ" ಅನ್ನುತ್ತಾಳೆ. ಇಬ್ಬರೂ ಒಳಗೊಳಗೇ ನಿರಾಳ ಆಗುತ್ತಾರೆ. ನಾನೂ ದರ ಏರಿಸುವ ದಾರಿಯನ್ನೇ ಹುಡುಕುತ್ತಿದ್ದೆ. ಗಂಟೆಗೆ 22 ಕೇಳೋಣ, 23 ಕೇಳೋಣ ಅಂತ.

ಅಕ್ಕ ನನ್ನ ಹಾಳೆಯನ್ನು ನೋಡುತ್ತಾ ನೋಡುತ್ತಾ ಕೇಳಿದರು: "ಇದೇನು, 52 ವಾರ ಬರ್ದಿದೀಯ? ಡಿಸೆಂಬರಲ್ಲಿ ನಾಲ್ಕು ವಾರ ಇವರು ಊರಿಗೆ ಹೋಗ್ತಾರೆ. ಆಗ ನಂಗೇನು ಕೊಡಲ್ವಲ್ಲ."

ನಾನು ಲೆಕ್ಕದವಳು. ನನಗೆ ಹೊಳೆದಿರಲಿಲ್ಲ. ಹಿಂದಿನ ಮನೆಯವರೂ ಎರಡು ವರ್ಷವೂ ಊರಿಗೆ ಹೋಗಿದ್ದರು, ಆ ವಾರಗಳಲ್ಲಿ ಕವರ್ ಬರಲಿಲ್ಲ. ಅಂದರೆ ಕ್ಯಾಶ್ ಸಂಬಳ ನಿಜವಾಗಿ 48 ವಾರದ್ದು. ವರ್ಷಕ್ಕೆ 43,200. ನಾವು ಇಲ್ಲಿಯವರೆಗೆ ಹೋಲಿಸುತ್ತಿದ್ದದ್ದೇ ತಪ್ಪು. ಗಂಟೆಯ ದರದಲ್ಲಿ ಸಿಗದ ದುಡ್ಡು ವಾರಗಳಲ್ಲಿ ಅಡಗಿತ್ತು. ನ್ಯಾನಿಗಳ ಒಪ್ಪಂದಗಳಲ್ಲಿ ಇದಕ್ಕೆ ಗ್ಯಾರಂಟೀಡ್ ಅವರ್ಸ್ ಅನ್ನುತ್ತಾರೆ. ಮನೆಯವರು ತಮ್ಮ ಕಾರಣಕ್ಕೆ ಕೆಲಸ ಬೇಡ ಅಂದರೂ ಆ ಗಂಟೆಗಳ ಸಂಬಳ ಕೊಡಬೇಕು. ಕಾನೂನು ಇದನ್ನು ಕೊಡುವುದಿಲ್ಲ. ಕೇಳಿ ಪಡೆಯಬೇಕು.

ಎರಡನೇ ಸಲದ ಮಾತುಕತೆ ಒಂದು ಶನಿವಾರ ಮಧ್ಯಾಹ್ನ, ಮಗು ಮಲಗಿದ್ದಾಗ. ಅಕ್ಕ ಮೊದಲೇ ಸಮಯ ಕೇಳಿಕೊಂಡು ಹೋಗಿದ್ದರು. ಶುಕ್ರವಾರ ಸಂಜೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಆಡುವ ಮಾತಲ್ಲ ಇದು. ಅವರ ಕೈಯಲ್ಲಿ ಒಂದೇ ಹಾಳೆ ಇತ್ತು, ಅದರಲ್ಲಿ ವರ್ಷದ ಅಂಕಿ ಮಾತ್ರ. ಅವರು ಶುರು ಮಾಡಿದ್ದು ಹೀಗೆ: "ಕಂಪ್ಲೇಂಟ್ ಮಾಡೋಕೆ ಬಂದಿಲ್ಲ. ನಂಗೆ 40 ಕ್ರೆಡಿಟ್ ಬೇಕು. ಇನ್ನು ಹತ್ತು ವರ್ಷ ಇದೆ. ಅದರಲ್ಲಿ ಎರಡು ವರ್ಷ ನಿಮ್ಮನೆಯಲ್ಲಿ." ಹೀಗೆ ಮಾತಾಡಿ ಅಂತ ನಾನು ಹೇಳಿಕೊಟ್ಟಿರಲಿಲ್ಲ. ನಾನು ಬರೆದುಕೊಟ್ಟ ಇಡೀ ಪುಟಕ್ಕಿಂತ ಈ ನಾಲ್ಕು ಮಾತು ಗಟ್ಟಿಯಾಗಿದ್ದವು.

ಕೇಳಿದ್ದು ಗಂಟೆಗೆ 22 ಗ್ರಾಸ್, ಅಂದರೆ ತೆರಿಗೆ ಕಳೆಯುವ ಮುಂಚಿನ ಸಂಬಳ, 52 ವಾರ. ಗ್ರಾಸ್ ಎಂಬ ಪದವನ್ನು ಬಿಡಬೇಡಿ ಅಂತ ನಾನು ಒತ್ತಿ ಹೇಳಿದ್ದೆ. ಕೈಗೆ ಇಷ್ಟು ಬರಲಿ ಅಂತ ಒಪ್ಪಿಕೊಂಡರೆ, ಮುಂದೆ ಗಂಡನಿಗೆ ಕೆಲಸ ಸಿಕ್ಕಿ ತೆರಿಗೆ ಬದಲಾದಾಗ ಇಡೀ ಲೆಕ್ಕ ಗೊಂದಲವಾಗುತ್ತದೆ. ಮೇಲಾಗಿ ಕೈಗೆ ಬರುವ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ಗ್ರಾಸ್ ಎಷ್ಟೆಂದು ಯಾರು ತಾನೇ ಸರಿಯಾಗಿ ಬರೆಯುತ್ತಾರೆ?

ಮನೆಯವರು 20 ಗ್ರಾಸ್, 48 ವಾರ ಅಂದರು. ಕಾಯಿಲೆ ರಜೆ ಕೊಡುತ್ತೇವಲ್ಲ ಎಂದೂ ಸೇರಿಸಿದರು. ಅದಕ್ಕೆ ಅಕ್ಕ ಒಪ್ಪಲಿಲ್ಲ, ಸರಿಯಾಗಿಯೇ ಒಪ್ಪಲಿಲ್ಲ. ನ್ಯೂಜೆರ್ಸಿಯಲ್ಲಿ 30 ಗಂಟೆ ಕೆಲಸಕ್ಕೆ ಒಂದು ಗಂಟೆಯಂತೆ, ವರ್ಷಕ್ಕೆ 40 ಗಂಟೆಯವರೆಗೆ ಸಂಬಳದ ಕಾಯಿಲೆ ರಜೆ ಕಾನೂನಿನಿಂದಲೇ ಬರುತ್ತದೆ. ಅದನ್ನು ತಕ್ಕಡಿಯಲ್ಲಿ ತಮ್ಮ ಕಡೆಯ ತೂಕ ಅಂತ ಇಡುವ ಹಾಗಿಲ್ಲ.

ಗಾಳಿ ತಿರುಗಿದ್ದು ಮನೆಯೊಡತಿಯಿಂದ. ಆಕೆ ಆ ವರ್ಷ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವವರಿದ್ದರು. ಆ ಅರ್ಜಿಯಲ್ಲಿ ಕಟ್ಟಬೇಕಾದ ತೆರಿಗೆ ಬಾಕಿ ಇದೆಯಾ ಎಂಬ ಪ್ರಶ್ನೆ ಇದೆ. ಆಕೆ ಗಂಡನನ್ನು ನೋಡಿ, "ಇದಕ್ಕೆ ನಾನು ಏನಂತ ಟಿಕ್ ಹಾಕಲಿ?" ಅಂದರಂತೆ. ನಮ್ಮ ಹಾಳೆಯಲ್ಲಿ ಈ ವಿಷಯ ಇರಲಿಲ್ಲ. ಇದ್ದಿದ್ದರೆ ಬೆದರಿಕೆ ಅನ್ನಿಸುತ್ತಿತ್ತು. ಅವರಿಗೇ ಹೊಳೆದದ್ದರಿಂದ ಕೆಲಸ ಆಯಿತು.

ಒಪ್ಪಿಕೊಂಡದ್ದು ಹೀಗೆ. ಗಂಟೆಗೆ 21.50. ಶುಕ್ರವಾರ ಯಜಮಾನರು ಮನೆಯಿಂದಲೇ ಕೆಲಸ ಮಾಡುವುದರಿಂದ ಅಕ್ಕ ಅವತ್ತು ಮೂರಕ್ಕೇ ಹೊರಡಬಹುದು, ಅಂದರೆ ವಾರಕ್ಕೆ 43 ಗಂಟೆ. 40 ಗಂಟೆಗೆ 860, ಮೇಲಿನ ಮೂರಕ್ಕೆ 32.25ರಂತೆ 96.75, ಒಟ್ಟು 956.75. ಊರಿನ ನಾಲ್ಕು ವಾರದಲ್ಲಿ ಎರಡಕ್ಕೆ ಪೂರ್ತಿ ಸಂಬಳ, ಎರಡಕ್ಕೆ ಇಲ್ಲ. ಅಕ್ಕನ ಕೈಗೆ ವಾರಕ್ಕೆ 825ರ ಹತ್ತಿರ, 50 ವಾರಕ್ಕೆ 41,000 ಚಿಲ್ಲರೆ. ಕ್ಯಾಶಿನ 43,200ಕ್ಕೆ ಹೋಲಿಸಿದರೆ ವರ್ಷಕ್ಕೆ ಎರಡು ಸಾವಿರದಷ್ಟು ಕಡಿಮೆ, ವಾರಕ್ಕೆ ಎರಡು ಗಂಟೆ ಕೆಲಸವೂ ಕಡಿಮೆ.

ಮನೆಯವರ ಕಡೆಯ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸಂಬಳ 47,800. ಅವರ ಪಾಲಿನ 7.65 ಎಂದರೆ 3,660. ಫೆಡರಲ್ ನಿರುದ್ಯೋಗ ತೆರಿಗೆ ವರ್ಷಕ್ಕೆ 42 ಡಾಲರ್. ರಾಜ್ಯದ್ದು, ಕೆಲಸದಲ್ಲಿ ಪೆಟ್ಟಾದರೆ ಬರುವ ವರ್ಕರ್ಸ್ ಕಾಂಪೆನ್ಸೇಷನ್ ವಿಮೆ ಎಲ್ಲ ಸೇರಿ 53 ಸಾವಿರ ದಾಟುತ್ತದೆ. ಮೊದಲಿಗಿಂತ ಹತ್ತು ಸಾವಿರ ಜಾಸ್ತಿ. ಇದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಮಗುವಿನ ಆರೈಕೆಗೆಂದು ಆಫೀಸಿನ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಖಾತೆಯಲ್ಲಿ ತೆರಿಗೆ ಇಲ್ಲದೆ 5,000 ಡಾಲರ್ ಇಡಬಹುದಿತ್ತು, 2026ರಿಂದ ಆ ಮಿತಿ 7,500 ಆಗಿದೆ. 24 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ 5,000ದ ಮೇಲೆ 1,200 ಉಳಿತಾಯ. ಇದನ್ನು ಪಡೆಯಲು ನ್ಯಾನಿಯ ಸೋಶಿಯಲ್ ಸೆಕ್ಯೂರಿಟಿ ನಂಬರ್ ಬರೆಯಬೇಕು, ಕ್ಯಾಶ್ ಕೊಟ್ಟರೆ ಆಗುವುದಿಲ್ಲ. ಆದರೂ ತಿಂಗಳಿಗೆ ಏಳುನೂರಕ್ಕೂ ಜಾಸ್ತಿ ಅವರ ಕೈಯಿಂದ ಹೋಗುತ್ತದೆ. ತೆರಿಗೆ ಉಳಿತಾಯದಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ಹೋಗುವುದಿಲ್ಲ. ಕಾನೂನಿನ ಸಂಬಳ ನಿಜಕ್ಕೂ ದುಬಾರಿ. ಕ್ಯಾಶ್ ಅಗ್ಗವಾಗಿ ಕಂಡದ್ದು ಅದರ ಒಂದು ಭಾಗವನ್ನು ಅಕ್ಕ ತಮ್ಮ ಮುಪ್ಪಿನಿಂದ ಕಟ್ಟುತ್ತಿದ್ದರು ಎಂಬ ಕಾರಣಕ್ಕೆ.

ಒಂದು ಗಂಟು ಉಳಿದಿತ್ತು. ಜನವರಿ, ಫೆಬ್ರವರಿಯ ಎಂಟು ವಾರದ 7,200 ಆಗಲೇ ಕ್ಯಾಶಲ್ಲಿ ಬಂದಾಗಿತ್ತು. 2,800 ದಾಟಿದ್ದರಿಂದ ಅದೂ ಲೆಕ್ಕಕ್ಕೆ ಬರಲೇಬೇಕು. ಅದರ ಮೇಲಿನ ಅಕ್ಕನ ಪಾಲು 550.80. ಮನೆಯವರು ಅದನ್ನು ಮುಂದಿನ ಸಂಬಳದಲ್ಲಿ ಹಿಡಿದುಕೊಳ್ಳಬಹುದಿತ್ತು. ಹಿಡಿಯಲಿಲ್ಲ, ತಾವೇ ಕಟ್ಟಿದರು. ಅದೇ ಎಂಟು ವಾರದ ಓವರ್‌ಟೈಮ್ ವ್ಯತ್ಯಾಸ, ವಾರಕ್ಕೆ 50ರಂತೆ 400 ಡಾಲರ್, ಅಕ್ಕ ಕೇಳಲೇ ಇಲ್ಲ. "ಅವರು 550 ಕಟ್ಟಿದಾರಲ್ಲ, ಬಿಡು" ಅಂದರು. ಅದು ಬೇರೆ, ಇದು ಬೇರೆ, ಇದು ನಿಮ್ಮ ದುಡ್ಡು ಅಂತ ಹೇಳಿದೆ. ಈಗಲೂ ನನಗೆ ಅದು ಸರಿ ಅನ್ನಿಸುವುದಿಲ್ಲ.

ಉಳಿದ ಕಾಗದದ ಕೆಲಸ ಹೆದರುವಷ್ಟೇನೂ ಇರಲಿಲ್ಲ. ಮನೆಯವರು ಐಆರ್‌ಎಸ್‌ನಿಂದ ಉದ್ಯೋಗದಾತರ ನಂಬರ್ ತೆಗೆದುಕೊಂಡರು, ರಾಜ್ಯದಲ್ಲಿ ನೋಂದಾಯಿಸಿಕೊಂಡರು. ಅಕ್ಕ ಕೆಲಸದ ಪರವಾನಗಿ ತೋರಿಸುವ ಐ-9, ತೆರಿಗೆ ಹಿಡಿಯುವ ಲೆಕ್ಕಕ್ಕೆ ಬೇಕಾದ ಡಬ್ಲ್ಯೂ-4, ಈ ಎರಡು ಫಾರಂ ತುಂಬಿದರು. ಮನೆಗೆಲಸದವರ ಆದಾಯ ತೆರಿಗೆಯನ್ನು ಸಂಬಳದಲ್ಲಿ ಹಿಡಿಯುವುದು ಕಡ್ಡಾಯವಲ್ಲ, ಇಬ್ಬರೂ ಒಪ್ಪಿದರೆ ಮಾತ್ರ. ಅಕ್ಕ ಹಿಡಿಯಿರಿ ಅಂದರು, ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟುವ ತಲೆಬಿಸಿ ಬೇಡ ಅಂತ. ಮನೆಯವರು ವರ್ಷದ ಕೊನೆಗೆ ತಮ್ಮ ರಿಟರ್ನ್ ಜೊತೆ ಮನೆಗೆಲಸದವರ ತೆರಿಗೆಯ ಫಾರಂ, ಶೆಡ್ಯೂಲ್ ಎಚ್, ಸೇರಿಸಿದರೆ ಫೆಡರಲ್ ಲೆಕ್ಕ ಮುಗಿಯಿತು. ಇದೆಲ್ಲ ಕೆಲಸದ ಪರವಾನಗಿ ಇರುವವರ ಮಾತು. ಪರವಾನಗಿ ಇಲ್ಲದ ವೀಸಾದಲ್ಲಿ ಇರುವವರು ಈ ದಾರಿ ಹಿಡಿಯುವ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಬೇಕು.

ಒಪ್ಪಂದವನ್ನು ಇಂಗ್ಲಿಷಿನಲ್ಲಿ ಬರೆದು, ಅಕ್ಕನಿಗಾಗಿ ಕನ್ನಡದಲ್ಲೂ ಒಂದು ಪ್ರತಿ ಮಾಡಿದೆವು. ಗ್ಯಾರಂಟೀಡ್ ಅವರ್ಸ್‌ಗೆ ಕನ್ನಡದಲ್ಲಿ ಏನು ಬರೆಯುವುದು ಅಂತ ಅರ್ಧ ಗಂಟೆ ಚರ್ಚೆ ಆಯಿತು. ಕೊನೆಗೆ ಅಕ್ಕನೇ ಹೇಳಿದರು, "ಖಾತ್ರಿ ಗಂಟೆ ಅಂತ ಹಾಕು." ಮಾರ್ಚ್ 3ರಿಂದ ಜಾರಿ.

2026ರ ಜನವರಿ ಕೊನೆಗೆ ಡಬ್ಲ್ಯೂ-2 ಬಂತು. ಮೊದಲ ಪೆಟ್ಟಿಗೆಯ ಅಂಕಿ ಮೂರನೆಯದಕ್ಕಿಂತ 550.80 ಜಾಸ್ತಿ ಇತ್ತು, ಅಕ್ಕ ಗಾಬರಿಯಾಗಿ ಫೋನ್ ಮಾಡಿದರು. ತಪ್ಪಲ್ಲ. ಮನೆಯವರು ಕಟ್ಟಿದ ಅವರ ಪಾಲು ಆದಾಯ ತೆರಿಗೆಗೆ ಸಂಬಳ ಅನ್ನಿಸಿಕೊಳ್ಳುತ್ತದೆ, ಸೋಶಿಯಲ್ ಸೆಕ್ಯೂರಿಟಿಗೆ ಅನ್ನಿಸಿಕೊಳ್ಳುವುದಿಲ್ಲ. 46 ಸಾವಿರ ಚಿಲ್ಲರೆ ದುಡಿಮೆ, ನಾಲ್ಕು ಕ್ರೆಡಿಟ್. ಇನ್ನು 36.

ಮಗು ಬರುವ ವರ್ಷ ಪ್ರೀಸ್ಕೂಲಿಗೆ ಹೋಗುತ್ತದೆ. ಅಕ್ಕ ಆಗಲೇ ಮುಂದಿನ ಮನೆ ಹುಡುಕುತ್ತಿದ್ದಾರೆ. ಮೊನ್ನೆ ಯಾರೋ ಫೋನ್ ಮಾಡಿ ವಾರಕ್ಕೆ 1,000 ಅಂದರಂತೆ. ಅಕ್ಕ ಕೇಳಿದ್ದು: "ಗ್ರಾಸಾ? ವರ್ಷಕ್ಕೆ ಎಷ್ಟು ವಾರ?" ಆ ಕಡೆಯವರು ಯೋಚನೆ ಮಾಡಿ ಹೇಳುತ್ತೇವೆ ಅಂದಿದ್ದಾರೆ.